ಗೇರಿನ ಕಲೆ

ಎಡಗಾಲಿಗೆ ನೀರು ಹೊಯ್ದು ಫರಹತ್ ಬೆರಳ ಸಂದಿಗೆ ಕೈ ಹಾಕುವಷ್ಟರಲ್ಲಿ ಅಂಜುಮ್ ಮುಂದಕ್ಕೆ ಬಾಗಿ ಹಲಗೆಯ ಮೇಲೆ ಮಲಗಿಸಿದ್ದ ತಾಯಿ ಫಕ್ರುನ್ನೀಸಾಳ ಪಾದವನ್ನು ಎರಡೂ ಅಂಗೈಯಿಂದ ಮುಚ್ಚಿಬಿಟ್ಟಳು.

"ಬಿಡು ಮಗಾ, ತೊಳೀಬೇಕು."

ಅಂಜುಮ್ ಬಿಡಲಿಲ್ಲ. ನೀರು ಅವಳ ಬೆರಳುಗಳ ಮೇಲೆಯೇ ಹರಿದು ಹಲಗೆಯ ಕೆಳಗೆ ಇಳಿಯಿತು. ಆಚೆ ಬದಿಯಲ್ಲಿ ಚೊಂಬು ಹಿಡಿದು ನಿಂತಿದ್ದವಳು ತೀರಿಕೊಂಡ ಫಕ್ರುನ್ನೀಸಾಳ ಅತ್ತಿಗೆ, ನರಸಿಂಹರಾಜಪುರದ ಅಣ್ಣ ಅಮ್ಜದನ ಹೆಂಡತಿ. ಅವಳು ಕತ್ತು ಚಾಚಿ ನೋಡಿದಳು. ಹುಡುಗಿಯ ಬೆರಳುಗಳ ಸಂದಿಯಲ್ಲಿ, ಪಾದದ ಹೆಬ್ಬೆರಳಿನ ಬುಡದ ಮೇಲೆ, ಕಪ್ಪಗೆ ಏನೋ ಕಾಣುತ್ತಿತ್ತು.

"ಅದೆಂತ ಕಪ್ಪು? ಬಿದ್ದಾಗ ಆದ ಪೆಟ್ಟಾ?"

"ಪೆಟ್ಟಲ್ಲ ಮಾಮಿ. ಗೇರಿನ ಕಲೆ."

ಗೇರು ಸೊನೆ ತಾಗಿದರೆ ಸಾಯುವವರೆಗೂ ಹೋಗುವುದಿಲ್ಲವಂತೆ ಎಂದು ಗೊಣಗಿ, ಹಾಗೆ ಗೊಣಗಿದ್ದಕ್ಕೆ ತಾನೇ ನಾಲಿಗೆ ಕಚ್ಚಿಕೊಂಡು, ಅತ್ತಿಗೆ ಬಿಸಿನೀರು ತರಲು ಹಿತ್ತಲಿಗೆ ಹೋದಳು. ಫರಹತ್ ಮೆಲ್ಲಗೆ ಅಂಜುಮಳ ಕೈ ಸರಿಸಿ, ಬಟ್ಟೆ ಸುತ್ತಿದ ಹೆಬ್ಬೆರಳಿನಿಂದ ಆ ಜಾಗವನ್ನು ಒತ್ತಿದಳು. ಸೊನೆಯ ಕಲೆಯಾದರೆ ಚರ್ಮ ಮೆತ್ತಗೇ ಇರಬೇಕು. ಇಲ್ಲಿ ಚರ್ಮವೇ ದಡ್ಡುಗಟ್ಟಿತ್ತು.

ಇಂಥದೇ ಒಂದು ಗಟ್ಟಿ ಕಪ್ಪನ್ನು ಅವಳು ಬಹಳ ವರ್ಷ ದಿನಾ ಸಂಜೆ ಎಣ್ಣೆ ಹಚ್ಚಿ ತಿಕ್ಕಿದ್ದಳು. ಅದು ಅವಳ ಗಂಡನ ಎಡಗಾಲಿನ ಮೇಲಿತ್ತು. ಬೈಕಿನ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದ ಮನುಷ್ಯ, ಚಪ್ಪಲಿ ಕಾಲಲ್ಲೇ ಗೇರು ಎತ್ತಿ ಎತ್ತಿ ಅಲ್ಲಿ ದಡ್ಡುಗಟ್ಟಿಸಿಕೊಂಡಿದ್ದ. ಹಿಂದೆ ಕೂತವರ ಕಾಲಿಗೆ ಅದು ಬರುವುದಿಲ್ಲ. ಬೈಕ್ ಓಡಿಸಿದವರಿಗೆ ಮಾತ್ರ.

ಫರಹತ್‌ ತಲೆಯೆತ್ತಿ ಅಂಜುಮಳನ್ನು ನೋಡಿದಳು. ಹುಡುಗಿ ಮುಖ ತಿರುಗಿಸಿಕೊಂಡಳು.

* * *

ಫಕ್ರುನ್ನೀಸಾ ಕೊಪ್ಪದ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಗೆ ಮದುವೆಯಾಗಿ ಬಂದವಳು. ಗಂಡ ಜಲಾಲುದ್ದೀನನದು ಬೈಕ್ ಗ್ಯಾರೇಜು. ಇವಳು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು ಬೈಕ್ ಸೀಟುಗಳಿಗೆ ರೆಕ್ಸಿನ್ ಕವರ್ ಹೊಲಿಯುತ್ತಿದ್ದಳು. ಕಮ್ಮರಡಿ, ಭಂಡಿಗಡಿ ಕಡೆಯಿಂದೆಲ್ಲ ಹುಡುಗರು ಹರಿದ ಸೀಟು ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದರು. ಅರ್ಧ ತಾಲೂಕು ಕೂತಿರುವುದು ನನ್ನ ಹೊಲಿಗೆಯ ಮೇಲೆ ಎನ್ನುವುದು ಅವಳ ಜಂಬ. ಇಷ್ಟು ಬಿಟ್ಟರೆ ಅವಳ ಬಗ್ಗೆ ಓಣಿಯಲ್ಲಿ ಯಾರಿಗೂ ಹೇಳುವಂಥದ್ದು ಏನೂ ಇರಲಿಲ್ಲ. ಜೋರಾಗಿ ಮಾತಾಡಿದವಳಲ್ಲ, ಜಗಳಕ್ಕೆ ನಿಂತವಳಲ್ಲ.

ಫರಹತ್‌ಳದು ಪಕ್ಕದ ಮನೆ, ನಡುವೆ ಒಂದೇ ಗೋಡೆ. ಅವಳ ತವರು ಘಟ್ಟದ ಕೆಳಗೆ, ಮನೆಮಾತು ಬ್ಯಾರಿ. ಫಕ್ರುನ್ನೀಸಾಳ ಮನೆಯಲ್ಲಿ ಉರ್ದು. ಹಾಗಾಗಿ ಇಬ್ಬರ ಸುಖ ದುಃಖವೆಲ್ಲ ಕನ್ನಡದಲ್ಲೇ ನಡೆಯುತ್ತಿತ್ತು, ಅದರಲ್ಲಿ ಆಗಾಗ ಎಡವಟ್ಟೂ ಆಗುತ್ತಿತ್ತು.

ಒಂದು ಸಂಜೆ ಫಕ್ರುನ್ನೀಸಾ ಮೆಟ್ಟಿಲ ಮೇಲೆ ಕಾಲು ಚಾಚಿ ಹರಿವೆ ಸೊಪ್ಪು ಸೋಸುತ್ತಿದ್ದಳು. ಕಾಲಿಗೇನಾಯಿತು ಎಂದು ಫರಹತ್ ಕೇಳಿದಳು.

"ಎಂತದೂ ಇಲ್ಲ ಮಾರಾಯ್ತಿ. ಗೇರಿನ ಕಲೆ."

ಘಟ್ಟದ ಕೆಳಗಿನವಳಿಗೆ ಗೇರು ಎಂದರೆ ಗೇರುಬೀಜ. ಅವಳು ಹುಟ್ಟಿದ್ದೇ ಗೇರುಗುಡ್ಡದ ಮಗ್ಗುಲಲ್ಲಿ. ಸೊನೆ ಎಷ್ಟು ಕೆಟ್ಟದ್ದು, ಬಾಯಿಗೆ ತಾಗಿದರೆ ತುಟಿ ಹೇಗೆ ಸುಲಿಯುತ್ತದೆ, ಅದಕ್ಕೆ ತೆಂಗಿನೆಣ್ಣೆಯನ್ನು ಹೇಗೆ ಕಾಯಿಸಿ ಹಚ್ಚಬೇಕು ಎಂದು ಅವಳು ಹೇಳುತ್ತಾ ಹೋದ ಹಾಗೆ ಫಕ್ರುನ್ನೀಸಾ ನಗಲು ಸುರುಮಾಡಿದಳು. ನಕ್ಕು ನಕ್ಕು ಮಡಿಲಿನ ಸೊಪ್ಪೆಲ್ಲ ಮೆಟ್ಟಿಲಿಗೆ ಚೆಲ್ಲಿತು. ಇದರಲ್ಲಿ ನಗುವಂಥದ್ದು ಏನಿದೆ ಎಂದು ಫರಹತ್‌ಗೆ ಸಿಟ್ಟೇ ಬಂತು. ಆದರೂ ಮರುದಿನ ಎಣ್ಣೆ ಕಾಯಿಸಿ ತಂದುಕೊಟ್ಟಳು. ಆಮೇಲೆ ಸಿಕ್ಕಾಗೆಲ್ಲ ಕಲೆ ಹೋಯಿತಾ ಎಂದು ವಿಚಾರಿಸುತ್ತಿದ್ದಳು. ಎಲ್ಲಿ, ಜಾಸ್ತಿಯೇ ಆಗ್ತಾ ಇದೆ ಎನ್ನುತ್ತಿದ್ದಳು ಫಕ್ರುನ್ನೀಸಾ, ಮುಖ ಗಂಭೀರ ಮಾಡಿಕೊಂಡು.

ಮಳೆಗಾಲ ಮುಗಿದು ಗದ್ದೆ ಕೊಯ್ಲಾದ ಮೇಲೆ ವರ್ಷಕ್ಕೊಮ್ಮೆ ಆ ಮನೆಯವರು ಗ್ಯಾರೇಜಿಗೆ ಬೀಗ ಹಾಕಿ ಎರಡು ಬೈಕಿನಲ್ಲಿ ಹೊರಡುತ್ತಿದ್ದರು. ಡಾಂಬರು ರಸ್ತೆ ಬಿಟ್ಟು ಕಾಡು, ಗುಡ್ಡ, ಹೊಳೆ ದಾಟಿಕೊಂಡು ಹೋಗುವುದು, ಕತ್ತಲಾದಲ್ಲಿ ಡೇರೆ ಹಾಕುವುದು. ಡೇರೆಯೂ ಫಕ್ರುನ್ನೀಸಾಳೇ ಹೊಲಿದದ್ದು, ಟಾರ್ಪಾಲಿಗೆ ಉಳಿದ ರೆಕ್ಸಿನ್ ತುಂಡು ಜೋಡಿಸಿ. ಅದರೊಳಗೆ ಮಲಗಿದರೆ ಹೊಸ ಗಾಡಿಯ ಸೀಟಿನಡಿ ಮಲಗಿದ ವಾಸನೆ ಎಂದು ಮಗ ವಸೀಂ ಹಾಸ್ಯ ಮಾಡುತ್ತಿದ್ದ. ಹೊರಡುವ ದಿನ ಫಕ್ರುನ್ನೀಸಾ ಬುರ್ಖಾದ ಅಂಚು ಎತ್ತಿಕೊಂಡು ಗಂಡನ ಹಿಂದೆ ಒಂದೇ ಬದಿಗೆ ಕಾಲಿಳಿಬಿಟ್ಟು ಕೂರುತ್ತಿದ್ದಳು. ಪಾಪ, ಈ ಹೆಂಗಸನ್ನು ಮೂಟೆ ಹೇರಿಕೊಂಡು ಹೋದ ಹಾಗೆ ಕಾಡುಮೇಡು ಸುತ್ತಿಸುತ್ತಾರಲ್ಲ ಎಂದು ಫರಹತ್ ಪ್ರತಿ ವರ್ಷ ಮರುಗುತ್ತಿದ್ದಳು.

ಈ ವರ್ಷ ಜೋಯಿಡಾದ ಕಾಡಿನವರೆಗೆ ಹೋಗಿದ್ದರು. ಅಷ್ಟು ದೂರ ಹೋಗಿ, ಅಷ್ಟು ಹೊಳೆ ದಾಟಿ, ಕೂದಲೂ ಕೊಂಕದೆ ತಿರುಗಿ ಬಂದವರಲ್ಲಿ ತಾಯಿ ಮಗ ನಿನ್ನೆ ಶೃಂಗೇರಿ ಹತ್ತಿರ ಮೆಣಸೆಯ ಒಳದಾರಿಯಲ್ಲಿ ಒಂದು ಮೋರಿಯ ಪಕ್ಕ ಬಿದ್ದರು. ಮನೆಗೆ ಇನ್ನೆಷ್ಟು ದೂರ, ಊಟಕ್ಕೆ ಬಂದುಬಿಡ್ತೇವೆ ಎಂದು ಬೆಳಿಗ್ಗೆ ಫರಹತ್‌ಗೆ ಫೋನ್ ಮಾಡಿದ್ದಳು ಫಕ್ರುನ್ನೀಸಾ. ಫರಹತ್ ಬಂಗುಡೆ ಸಾರು ಮಾಡಿ ಇಟ್ಟಿದ್ದಳು. ಸಾರು ಅಲ್ಲೇ ಇತ್ತು, ಬಂದದ್ದು ಸುದ್ದಿ. ಸುದ್ದಿ ತಂದವನನ್ನು ಅವಳು ಬೈದು ಕಳಿಸಿದ್ದಳು, ತಮಾಷೆಗೂ ಒಂದು ಮಿತಿ ಬೇಡವೇ ಎಂದು.

* * *

ಕಫನ್ ಬಟ್ಟೆ ಸುತ್ತಿ, ಮುಖವೊಂದನ್ನು ತೆರೆದಿಟ್ಟು, ಹೆಂಗಸರು ನಡುಮನೆಗೆ ತಂದು ಮಲಗಿಸಿದರು. ಓಣಿಯಲ್ಲಿ ಜನ ತುಂಬಿದ್ದರು. ಮೊನ್ನೆ ತಾನೆ ಸೀಟು ಕವರಿಗೆ ಅಳತೆ ಕೊಟ್ಟು ಹೋದವನೊಬ್ಬ ಆ ಸೀಟನ್ನು ಹುಡುಕುವವನ ಹಾಗೆ ಮುಂದಿನ ಕೋಣೆಯನ್ನೇ ನೋಡುತ್ತಾ ನಿಂತಿದ್ದ. ಜಲಾಲುದ್ದೀನ್ ಅಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ. ನಿನ್ನೆಯಿಂದ ಅವನ ಬಾಯಿಂದ ಒಂದಕ್ಷರ ಹೊರಟಿರಲಿಲ್ಲ. ಪೊಲೀಸರು ಕೇಳಿದಾಗಲೂ ಇಲ್ಲ, ಇಮಾಮರು ಹೆಗಲ ಮೇಲೆ ಕೈಯಿಟ್ಟಾಗಲೂ ಇಲ್ಲ. ಯಾರೋ ಕೊಟ್ಟ ಚಹಾ ಕೈಯಲ್ಲೇ ಆರಿತ್ತು.

ಫರಹತ್ ಪರದೆಯ ಈಚೆ ನಿಂತು ಕೈ ಒರೆಸಿಕೊಳ್ಳುತ್ತಿದ್ದಾಗ ಹೊರಗೆ ಅಮ್ಜದನ ದನಿ ಕೇಳಿಸಿತು. ಅವನು ಕೂಗಾಡುತ್ತಿರಲಿಲ್ಲ. ಕೂಗಾಡಿದ್ದರೇ ಒಳ್ಳೆಯದಿತ್ತು.

"ಖಬರಿಗೆ ನಾನು ಇಳೀತೇನೆ. ಜಲಾಲುದ್ದೀನ್‌ಗೆ ಆದ್ರೆ ಅವನೂ ಇಳೀಲಿ. ಇವನು ಬೇಡ. ಇವನು ಖಬರಸ್ತಾನದ ಗೇಟಿನ ಆಚೆ ನಿಲ್ಲಲಿ."

ಇವನು ಎಂದರೆ ವಸೀಂ. ಬೈಕ್ ಓಡಿಸುತ್ತಿದ್ದವನು ನಾನೇ ಎಂದು ಮೆಣಸೆಯಲ್ಲಿ ಓಡಿ ಬಂದವರಿಗೂ ಹೇಳಿದ್ದ, ಪೊಲೀಸರಿಗೂ ಹೇಳಿದ್ದ. ಅಮ್ಮನಿಗೆ ಕುತ್ತಿಗೆ ಮುರಿದು ಪ್ರಾಣ ಹೋಗಿದೆ, ಓಡಿಸುತ್ತಿದ್ದವನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಇಲ್ಲ. ಹೆತ್ತವಳನ್ನು ಹಿಂದೆ ಕೂರಿಸಿಕೊಂಡು ಕಲ್ಲಿನ ಇಳಿಜಾರಿನಲ್ಲಿ ಸರ್ಕಸ್ ಮಾಡಿದನಂತೆ ಎಂದು ಬೆಳಗಿನಿಂದ ಓಣಿಯೂ ಗುಸುಗುಸು ಎನ್ನುತ್ತಿತ್ತು. ಒಬ್ಬನೇ ಮಗ, ತಾಯಿಯನ್ನು ಮಣ್ಣಿಗೆ ಇಳಿಸಬೇಕಾದವನು ಅವನೇ ಅಲ್ಲವೇ ಎಂದು ಹಿರಿಯರೊಬ್ಬರು ಮೆಲ್ಲಗೆ ಅಂದರು. ಅಮ್ಜದ್ ಅವರ ಕಡೆ ತಿರುಗಿಯೂ ನೋಡಲಿಲ್ಲ. ವಸೀಂ ಗೋಡೆಗೆ ಒರಗಿ ನಿಂತಿದ್ದ.

ಫರಹತ್ ಅಂಜುಮಳ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದಳು.

"ಹ್ಯಾಂಡಲ್ ಯಾರ ಕೈಲಿತ್ತು?"

"ಖಾಲಾ, ನಿಮ್ಮ ದಮ್ಮಯ್ಯ. ನೋಡಿದ್ದು ನೋಡಿದ ಹಾಗೇ ಇರಲಿ."

"ಯಾರ ಕೈಲಿತ್ತು ಕೇಳಿದ್ದು ನಾನು."

ಅಂಜುಮ್ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು. ಆಮೇಲೆ ಒಂದೊಂದೇ ಹೇಳಿದಳು. ಅಬ್ಬಾ ಅಮ್ಮಿಗೆ ಗಾಡಿ ಕಲಿಸಿದ್ದು ಕಮ್ಮರಡಿಯ ಆಚೆ, ಕೊಯ್ಲಾದ ಗದ್ದೆಯಲ್ಲಿ. ಊರು ದಾಟುವವರೆಗೆ ಅಮ್ಮಿ ಹಿಂದೆ. ಕಾಡಿನ ದಾರಿ ಬಂದದ್ದೇ ಬುರ್ಖಾ ಮಡಚಿ ಬ್ಯಾಗಿಗೆ ಹಾಕಿ, ಹೆಲ್ಮೆಟ್ ಜಾಕೆಟ್ ಹಾಕಿ, ಮುಂದೆ. ಎಷ್ಟೋ ವರ್ಷಗಳಿಂದ ಹಾಗೇ, ಬಿಡುವಿದ್ದ ಭಾನುವಾರಗಳಲ್ಲೂ. ನಿನ್ನೆಯೂ ಮೆಣಸೆಯ ಇಳಿಜಾರಿನಲ್ಲಿ ಅಮ್ಮಿಯೇ ಓಡಿಸುತ್ತಿದ್ದದ್ದು, ವಸೀಂ ಹಿಂದೆ ಕೂತಿದ್ದ. ಅಬ್ಬಾ ಮತ್ತು ಅಂಜುಮ್ ಮುಂದಿನ ಬೈಕಿನಲ್ಲಿದ್ದರು. ಸಡಿಲ ಜಂಬಿಟ್ಟಿಗೆ ಕಲ್ಲಿನ ಮೇಲೆ ಮುಂದಿನ ಚಕ್ರ ಜಾರಿತು, ಅಷ್ಟೇ. ತಿರುಗಿ ಓಡಿ ಬರುವಷ್ಟರಲ್ಲಿ ಆಗಬಾರದ್ದು ಆಗಿತ್ತು.

"ಮತ್ತೆ ಅವನ್ಯಾಕೆ ತಾನು ಅಂದ?"

ಅಮ್ಜದ್ ಮಾಮುಗೋಸ್ಕರ ಎಂದಳು ಅಂಜುಮ್. ಅಮ್ಮಿಗೆ ಹದಿನಾರೋ ಹದಿನೇಳೋ ಆಗಿದ್ದಾಗ ಅವರಪ್ಪ ಸೈಕಲಿನಲ್ಲಿ ಹೋಗುತ್ತಾ ಲಾರಿಗೆ ಸಿಕ್ಕಿ ಸತ್ತಿದ್ದರು. ಅದಾದ ಮುಂದಿನ ಬೇಸಿಗೆ, ಭದ್ರಾ ಹಿನ್ನೀರು ಇಳಿದು ನೆಲ ಬಿರುಕು ಬಿಟ್ಟಿದ್ದ ಬಯಲಿನಲ್ಲಿ, ಅಮ್ಮಿ ಅಣ್ಣನ ಲೂನಾ ಕದ್ದು ಓಡಿಸಿದ್ದಳು. ಅಮ್ಜದ್ ಅಂಗಡಿ ಮುಂದೆ ನಾಲ್ಕು ಜನರೆದುರು ಅವಳ ಕೆನ್ನೆಗೆ ಹೊಡೆದ. ಹೊಡೆದು, ತಾನೇ ಅಲ್ಲಿ ನೆಲಕ್ಕೆ ಕೂತು ಅತ್ತ. ಇನ್ನು ಜನ್ಮದಲ್ಲಿ ಹ್ಯಾಂಡಲ್ ಮುಟ್ಟುವುದಿಲ್ಲ ಎಂದು ತನ್ನ ತಲೆಯ ಮೇಲೆ ಅವಳ ಕೈಯಿಡಿಸಿ ಆಣೆ ಮಾಡಿಸಿಕೊಂಡ.

"ಆಣೆ ಮುರಿದು ಸತ್ತಳು ಅಂತ ಮಾಮು ಅಂದ್ಕೋಬಾರದಂತೆ. ಜನ ಅಮ್ಮಿ ಬಗ್ಗೆ ಮಾತಾಡಬಾರದಂತೆ. ನನ್ನ ಬಗ್ಗೆ ಏನು ಬೇಕಾದ್ರೂ ಆಡ್ಲಿ ಅಂತಾನೆ. ನನ್ನ ಹತ್ರನೂ ಮಾತು ತಗೊಂಡಿದಾನೆ ಖಾಲಾ."

ಫರಹತ್‌ಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಒಂದೇ ಗೋಡೆಯ ಆಚೆ ಈಚೆ ಇದ್ದು, ಹೆರಿಗೆ ಬಾಣಂತನ ಎಲ್ಲ ನೋಡಿಕೊಂಡು, ನನಗೂ ಹೇಳಲಿಲ್ಲವಲ್ಲ ಇವಳು. ಆಮೇಲೆ ನೆನಪಾಯಿತು. ಹೇಳಿದ್ದಳು, ಮಾರಾಯ್ತಿ. ಸರಿಯಾಗಿಯೇ ಹೇಳಿದ್ದಳು. ನಾನು ಎಣ್ಣೆ ಕಾಯಿಸಿಕೊಟ್ಟಿದ್ದೆ. ಅಳು ಆಗ ಬಂತು, ಸೆರಗು ಬಾಯಿಗೆ ತುರುಕಿಕೊಳ್ಳುವಷ್ಟು.

* * *

ಮಯ್ಯತ್ ತೊಳೆಯುವ ಕೆಲಸವನ್ನು ಫರಹತ್‌ಗೆ ಕಲಿಸಿದ್ದು ಅವಳ ಅತ್ತೆ. ಮೊದಲ ದಿನವೇ ಅವರು ಹೇಳಿದ್ದರು, ಸತ್ತವರ ಮೈಮೇಲೆ ನೀನು ಕಂಡದ್ದು ನೀರಿನ ಜೊತೆ ಹರಿದುಹೋಗಬೇಕು, ನಾಲಿಗೆಗೆ ಬರಬಾರದು. ಒಳ್ಳೆಯದು ಕಂಡರೆ ನಾಲ್ಕು ಜನಕ್ಕೆ ಹೇಳಬಹುದು. ಕೆಟ್ಟದ್ದು ಕಂಡರೆ ನೀನು ಸಾಯುವಾಗಲೂ ಹೇಳಬಾರದು. ಫರಹತ್ ಹಾಗೆಯೇ ನಡೆದುಕೊಂಡು ಬಂದಿದ್ದಳು. ಹೊಡೆತದ ಗುರುತುಗಳನ್ನು ಕಂಡಿದ್ದಳು, ಯಾರಿಗೂ ತಿಳಿಯದ ಖಾಯಿಲೆಗಳನ್ನು ಕಂಡಿದ್ದಳು. ಓಣಿಯ ಹೆಂಗಸರು ಅವಳಿಗೆ ತಮ್ಮ ಮೈ ಒಪ್ಪಿಸಿ ಹೋಗುವ ಧೈರ್ಯ ಮಾಡುತ್ತಿದ್ದದ್ದೇ ಆ ನಾಲಿಗೆಯನ್ನು ನಂಬಿ.

ಈಗ ಕಂಡದ್ದು ಒಳ್ಳೆಯದೋ ಕೆಟ್ಟದ್ದೋ? ಅದನ್ನು ಹೇಳುವವರು ಯಾರು? ಹೇಳಿದರೆ ಸತ್ತವಳ ಆಣೆ ಬಯಲಾಗುತ್ತದೆ. ಹೇಳದಿದ್ದರೆ ಬದುಕಿರುವ ಹುಡುಗ ಇಡೀ ಜನ್ಮ ಆ ಗೇಟಿನ ಆಚೆಯೇ ನಿಂತಿರುತ್ತಾನೆ. ಅವಳು ತಲೆ ಹಿಡಿದುಕೊಂಡು ಹಿತ್ತಲ ಬಾಗಿಲಲ್ಲಿ ಕೂತುಬಿಟ್ಟಳು.

ಅಲ್ಲಿಗೆ ಒಬ್ಬಳು ಹೆಂಗಸು ಬಂದು ನಿಂತಳು. ಮಾಸಿದ ಸೀರೆ, ಕೈಯಲ್ಲಿ ಒಂದು ಚೀಲ. ಮುಂದಿನ ಬಾಗಿಲಲ್ಲಿ ಗಂಡಸರೇ ಇದ್ದಾರೆ, ಹೋಗಬಹುದೋ ಇಲ್ಲವೋ ಗೊತ್ತಾಗಲಿಲ್ಲ ಎಂದಳು. ಹೆಸರು ಸೀತಕ್ಕ, ಮೆಣಸೆಯ ತೋಟದಲ್ಲಿ ಕೂಲಿ. ನಿನ್ನೆ ಮೋರಿಯ ಹತ್ತಿರ ಮೊದಲು ಓಡಿ ಹೋದವಳು ಅವಳೇ. ಬಿದ್ದವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳಂತೆ. ಇಡೀ ರಾತ್ರಿ ಆ ಭಾರ ತೊಡೆಯ ಮೇಲೆ ಇದ್ದ ಹಾಗೇ ಇತ್ತು, ಒಮ್ಮೆ ಮುಖ ನೋಡಿ ಹೋಗೋಣ ಅಂತ ಬಸ್ಸು ಹತ್ತಿದೆ ಎಂದಳು.

ಫರಹತ್ ಅವಳಿಗೆ ನೀರು ಕೊಟ್ಟಳು. ಕುಡಿದು ಸೀತಕ್ಕ ತಾನಾಗಿಯೇ ಹೇಳಿದಳು.

"ಬೀಳೋದಕ್ಕೆ ಸ್ವಲ್ಪ ಮುಂಚೆ ನಮ್ಮ ತೋಟದ ಬೇಲಿ ಹತ್ರ ಹೋದ್ರು. ಹೆಂಗಸು ಗಾಡಿ ಬಿಡ್ತಾ ಉಂಟು ಅಂತ ನಾವೆಲ್ಲ ಕೆಲ್ಸ ಬಿಟ್ಟು ನೋಡಿದ್ವಿ. ಹೆಲ್ಮೆಟ್ಟಿನ ಗಾಜು ಮೇಲಿತ್ತು, ನಂಗೆ ಕೈ ಬೀಸಿದ್ರು. ಹಿಂದೆ ಕೂತ ಹುಡುಗ ಎಂತದೋ ಹಾಡು ಹೇಳ್ತಿದ್ದ, ಇವ್ರು ನಗ್ತಾ ಇದ್ರು. ಅಷ್ಟು ಕುಶೀಲಿರೋ ಮುಖ ನಾನು ನೋಡೇ ಇಲ್ಲ ಅಮ್ಮ. ಮದುವೆ ಹುಡುಗಿಗೂ ಇರಲ್ಲ ಹಂಗೆ."

"ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ದೀಯಾ?"

"ಯಾರು ಕೇಳಿದ್ದಾರೆ ನನ್ನ?"

ಫರಹತ್ ಎದ್ದಳು. ಒಳಗೆ ಹೋಗಿ, ಪರದೆಯ ಬಳಿ ನಿಂತು, ಅಣ್ಣನಾದವನು ತಂಗಿಯ ಮುಖ ನೋಡಿಕೊಳ್ಳಲಿ, ಹೊತ್ತಾಗ್ತಿದೆ ಎಂದು ಹೇಳಿ ಕಳಿಸಿದಳು. ಉಳಿದ ಹೆಂಗಸರನ್ನು ಪಕ್ಕದ ಕೋಣೆಗೆ ಕಳಿಸಿದಳು. ಅಂಜುಮಳನ್ನು ಮಾತ್ರ ಕಳಿಸಲಿಲ್ಲ.

ಅಮ್ಜದ್ ಬಂದು ತಂಗಿಯ ತಲೆಯ ಬಳಿ ಮಂಡಿಯೂರಿದ. ನರಸಿಂಹರಾಜಪುರದಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥ ಗಡ್ಡದ ಮನುಷ್ಯ, ಹಣೆ ಮುಟ್ಟಲೂ ಹೆದರುವವನ ಹಾಗೆ ಕೈಯನ್ನು ಗಾಳಿಯಲ್ಲೇ ಹಿಡಿದಿದ್ದ.

"ಅಮ್ಜದ್ ಭಾಯಿ," ಎಂದಳು ಫರಹತ್. "ತೊಳೆದವಳು ಕೆಟ್ಟದ್ದು ಕಂಡ್ರೆ ಹೇಳಬಾರದು. ಒಳ್ಳೇದು ಕಂಡ್ರೆ ಹೇಳಬಹುದು. ಹೌದಲ್ಲ?"

ಅವನು ತಲೆಯಾಡಿಸಿದ.

"ನಾನು ಒಳ್ಳೇದು ಕಂಡಿದ್ದೇನೆ. ಅದಕ್ಕೇ ಹೇಳ್ತೇನೆ. ನಿಮ್ಮ ತಂಗಿ ಎಡಗಾಲಲ್ಲಿ ಗೇರು ಹಾಕಿ ಹಾಕಿ ಆದ ದಡ್ಡು ಇದೆ. ಒಂದು ವರ್ಷದ್ದಲ್ಲ, ಹತ್ತು ವರ್ಷದ್ದು. ನಿನ್ನೆ ಗಾಡಿ ಅವಳ ಕೈಲೇ ಇತ್ತು. ನಗ್ತಾ ಹೋಗಿದಾಳೆ. ನೋಡಿದವರು ಹಿತ್ತಲಲ್ಲಿ ಕೂತಿದಾರೆ."

ಅಂಜುಮ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಮಾತಾಡಿಬಿಟ್ಟೆನಲ್ಲ, ಅತ್ತೆ ಹೇಳಿದ್ದನ್ನು ಮುರಿದೆನಲ್ಲ ಎಂದು ಫರಹತ್‌ಗೆ ಕಳವಳವಾಯಿತು. ಅಮ್ಜದನ ಕೈ ನಿಧಾನಕ್ಕೆ ತನ್ನ ತಲೆಯ ಮೇಲೆ, ಟೋಪಿಯ ಮೇಲೆ ಹೋಯಿತು, ಅಲ್ಲಿ ಯಾರದೋ ಕೈ ಇದೆಯೇ ಎಂದು ತಡಕುವ ಹಾಗೆ. ಆಮೇಲೆ ಒಮ್ಮೆಲೇ ಎದ್ದು, ಪರದೆ ಸರಿಸಿ, ಹೊರಗೆ ಹೋದ.

ಫರಹತ್ ಪರದೆಯ ಸಂದಿಯಿಂದ ನೋಡಿದಳು. ಅವನು ನೇರ ವಸೀಂನ ಮುಂದೆ ಹೋಗಿ ನಿಂತ. ಹೊಡೆಯುತ್ತಾನೆ ಎಂದೇ ಎಲ್ಲರೂ ಅಂದುಕೊಂಡರು. ಹುಡುಗನೂ ಹಾಗೇ ಅಂದುಕೊಂಡು ಕಣ್ಣು ಮುಚ್ಚಿದ.

"ಚೆನ್ನಾಗಿ ಓಡಿಸ್ತಿದ್ಲಾ?" ಎಂದು ಕೇಳಿದ ಅಮ್ಜದ್.

ವಸೀಂ ಕಣ್ಣು ಬಿಟ್ಟ. ಮಾಮು ಏನು ಕೇಳಿದರು ಎಂಬುದು ಅವನಿಗೆ ತಿಳಿಯಲು ಹೊತ್ತು ಹಿಡಿಯಿತು.

"ನನಗಿಂತ ಚೆನ್ನಾಗಿ, ಮಾಮು."

ಕುರ್ಚಿಯಲ್ಲಿದ್ದ ಜಲಾಲುದ್ದೀನನ ಗಂಟಲಿನಿಂದ ಆಗ ಒಂದು ಶಬ್ದ ಹೊರಟಿತು. ನಿನ್ನೆಯಿಂದ ತಡೆದದ್ದೆಲ್ಲ ಒಟ್ಟಿಗೆ ಬಂತು. ನಾನೇ ಕಲಿಸಿದ್ದು, ನಾನೇ ಕಲಿಸಿದ್ದು ಎಂದು ಅವನು ಹಣೆ ಹಣೆ ಚಚ್ಚಿಕೊಂಡ. ಇಬ್ಬರು ಹಿಡಿದುಕೊಂಡರು. ಅಮ್ಜದ್ ಅವನನ್ನು ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಹೆಣದ ಮಂಚವನ್ನು ಎತ್ತುವ ಹೊತ್ತಿಗೆ ಮುಂದಿನ ಎಡಗೋಲಿಗೆ ತಾನು ಹೆಗಲು ಕೊಟ್ಟು, ಬಲಗೋಲಿನ ಕಡೆ ವಸೀಂನನ್ನು ನೋಡಿ ಗಲ್ಲ ಎತ್ತಿದ, ಅಷ್ಟೇ.

ಹೆಂಗಸರು ಖಬರಸ್ತಾನಕ್ಕೆ ಹೋಗುವ ಪದ್ಧತಿಯಿಲ್ಲ. ಓಣಿಯ ತಿರುವಿನಲ್ಲಿ ಮಂಚ ಮರೆಯಾಗುವವರೆಗೆ ಫರಹತ್ ಬಾಗಿಲಲ್ಲಿ ನಿಂತಿದ್ದಳು. ಅವಳ ಪಕ್ಕದಲ್ಲಿ ಸೀತಕ್ಕ. ಓಣಿಯ ಹೆಂಗಸರಲ್ಲಿ ಆಗಲೇ ಸುದ್ದಿ ಹಬ್ಬಿತ್ತು. ಕೆಲವರು ಕಣ್ಣರಳಿಸಿದರು, ಕೆಲವರು ತೋಬಾ ತೋಬಾ ಎಂದರು. ಇನ್ನು ನಿನ್ನ ಕೈಗೆ ಯಾರು ಮೈ ಕೊಡ್ತಾರೆ ನೋಡು ಎಂದು ಒಬ್ಬಳು ಮುಖಕ್ಕೆ ಹೊಡೆದ ಹಾಗೆ ಅಂದಳು. ಆ ಮಾತು ನಿಜವಾಗಬಹುದು ಎಂದು ಫರಹತ್‌ಗೂ ಗೊತ್ತಿತ್ತು. ಸೀತಕ್ಕನಿಗೆ ಊಟ ಬಡಿಸಲು ಒಳಗೆ ಹೋದಳು.

ಗಂಡಸರು ಮರಳುವಾಗ ಬಿಸಿಲು ಇಳಿದಿತ್ತು. ಅಂಜುಮ್ ಅಂಗಳದ ನಲ್ಲಿಯ ಬಳಿ ಬಕೆಟ್ ತುಂಬಿ, ಸೋಪು ಇಟ್ಟು ಸರಿದು ನಿಂತಳು. ಬಂದವರು ಒಬ್ಬೊಬ್ಬರಾಗಿ ಕೈಕಾಲು ತೊಳೆದುಕೊಂಡು ಜಗಲಿಗೆ ಹತ್ತಿದರು. ವಸೀಂ ಕೊನೆಗೆ ಬಂದ. ಬಿಳಿ ಜುಬ್ಬದ ಎದೆಯವರೆಗೆ ಕೆಮ್ಮಣ್ಣು ಮೆತ್ತಿತ್ತು. ಮೊಣಕೈಗೆ ಕಟ್ಟಿದ್ದ ಬ್ಯಾಂಡೇಜು ಎಲ್ಲೋ ಬಿದ್ದು ಹೋಗಿತ್ತು.

ಅಮ್ಜದ್ ಮಗ್ಗಿನಲ್ಲಿ ನೀರು ಮೊಗೆದು ಅವನ ಮುಂದೆ ಬಾಗಿಸಿ ಹಿಡಿದ. ವಸೀಂ ಕೈ ಒಡ್ಡಲಿಲ್ಲ. ಖಬರಿನ ಹಸಿಮಣ್ಣು ಹತ್ತಿದ ಅಂಗೈಗಳನ್ನು ಎದೆಗೆ ಒತ್ತಿಕೊಂಡು, ಕೊಡುವುದಿಲ್ಲ ಎನ್ನುವ ಮಗುವಿನ ಹಾಗೆ ನಿಂತೇ ಇದ್ದ. ಮಗ್ಗಿನ ನೀರು ಸಣ್ಣಗೆ ನೆಲಕ್ಕೆ ಸುರಿದು ಮುಗಿಯಿತು. ಅಮ್ಜದ್ ಇನ್ನೊಮ್ಮೆ ಮೊಗೆಯಲಿಲ್ಲ. ಮಗ್ಗನ್ನು ಬಕೆಟ್ಟಿನೊಳಗೆ ಬಿಟ್ಟು, ತಾನೂ ಕೈ ತೊಳೆಯದೆ, ಮೊಣಕೈವರೆಗೆ ಕೆಂಪಾದ ತೋಳುಗಳೊಂದಿಗೆ ಹುಡುಗನ ಪಕ್ಕದಲ್ಲಿ ನೆಲಕ್ಕೆ ಕೂತ.